ಚಿಕ್ಕಿಯ ದವಡೆ ಹಲ್ಲು

ನಮ್ಮೂರಿನಲ್ಲಿ ಆಗೆಲ್ಲ ಯಾರದಾದರೂ ಹಲ್ಲು ಹುಳುಕಾಯಿತೆಂದರೆ "ಅಯ್ಯೋ ಪಾಪ" ಅನ್ನುವ ಪದ್ಧತಿ ಇರಲಿಲ್ಲ. "ಯಾರು ಬಂದ್ರು?" ಅಂತ ಕೇಳುತ್ತಿದ್ದರು. ಹಲ್ಲಿನಲ್ಲಿ ತೂತು ಬಿದ್ದು, ಅದಕ್ಕೆ ತಣ್ಣೀರು ತಾಗಿ ಜುಮ್ಮೆಂದ ಕೂಡಲೇ ಒಳಗಿನಿಂದ ತೀರಿಹೋದವರೊಬ್ಬರು ಒಂದು ಮಾತು ಆಡುತ್ತಿದ್ದರು. ಒಂದು ಹಲ್ಲಿಗೆ ಒಬ್ಬರು, ಆ ಒಬ್ಬರಿಗೆ ಒಂದೇ ಮಾತು. ಪಕ್ಕದಲ್ಲಿ ಕೂತವರಿಗೂ ಅದು ಕೇಳಿಸುತ್ತಿತ್ತು. ಇಂಥವರೇ ಬರಲಿ, ಇಂಥದ್ದೇ ಹೇಳಲಿ ಅಂತ ಹಟ ಹಿಡಿಯಲು ಬರುತ್ತಿರಲಿಲ್ಲ. ಹೆಂಡತಿಯ ದನಿ ಕೇಳಬೇಕೆಂದು ವರ್ಷಗಟ್ಟಲೆ ಬೆಲ್ಲ ತಿಂದವನಿಗೆ ಎದುರು ಮನೆಯ ಮುದುಕನ ಕೆಮ್ಮು ಸಿಕ್ಕಿದ್ದೂ ಉಂಟು. ಈಗ ಊರು ಬದಲಾಗಿದೆ. ಮಕ್ಕಳು ಎರಡು ಹೊತ್ತೂ ಹಲ್ಲುಜ್ಜುತ್ತಾರೆ, ಸ್ವಲ್ಪ ಜುಮ್ಮೆಂದರೂ ಡಾಕ್ಟರ ಬಳಿ ಹೋಗಿ ತುಂಬಿಸಿಕೊಂಡು ಬರುತ್ತಾರೆ. ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೂ ಬೇಸಿಗೆಯ ಮಧ್ಯಾಹ್ನ ಜಗಲಿಯ ಮೇಲೆ ಮಡಕೆ ನೀರು ಇಟ್ಟುಕೊಂಡು ಕೂತ ಹಿರಿಯರ ಬಾಯಿಂದ ಅವರಿಗಿಂತ ಹಿರಿಯರು ಮಾತಾಡುತ್ತಿದ್ದ ಆ ಕಾಲ ಆಗಾಗ ನೆನಪಾಗುತ್ತದೆ.

ಪೋಸ್ಟ್ ಮಾಸ್ತರಾಗಿ ನಿವೃತ್ತರಾಗಿದ್ದ ನಂಜುಂಡರಾಯರ ಕೋರೆಹಲ್ಲಿನಲ್ಲಿ ಅವರ ಹೈಸ್ಕೂಲಿನ ಹೆಡ್ ಮಾಸ್ತರರಿದ್ದರು. ತಣ್ಣಗಿನದು ಏನು ಕುಡಿದರೂ "ಏಳೋ ಮೇಲೆ!" ಎಂದು ಗದರುತ್ತಿದ್ದರು. ರಾಯರು ಹುಟ್ಟಿದಾಗಿನಿಂದ ವಿಧೇಯರು, ತಟ್ಟನೆ ಎದ್ದು ನಿಲ್ಲುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಅವರು ಪಾನಕ ಕುಡಿದು ಎದ್ದರೆಂದರೆ ಊಟ ಮುಗಿಯಿತೆಂದುಕೊಂಡು ಮಿಕ್ಕವರೂ ಏಳುತ್ತಿದ್ದರು. ಹಾಗೆ ಎದ್ದುಹೋಗಿ ಪಾಯಸ ಕಳೆದುಕೊಂಡವರು ನಮ್ಮೂರಿನಲ್ಲಿ ಬಹಳ ಮಂದಿ. ಹಿಂದಿನ ಬೀದಿಯ ಸಾಕಮ್ಮನ ಹಲ್ಲಿನಲ್ಲಿ ಅವಳ ಅತ್ತೆ ಬಂದು ಕೂತಿದ್ದಳು. "ಉಪ್ಪು ಜಾಸ್ತಿ ಆಯ್ತು" ಅನ್ನುವುದೊಂದೇ ಅವಳ ಮಾತು. ಸಾಕಮ್ಮ ಕಡುಬೇಸಿಗೆಯಲ್ಲೂ ಬಿಸಿನೀರು ಕುಡಿದು ಕಾಲ ಹಾಕುತ್ತಿದ್ದಳು. ಎಲ್ಲಾದರೂ ಮರೆತು ತಣ್ಣೀರು ಬಾಯಿಗೆ ಹಾಕಿದಳೋ, ಪಡಸಾಲೆಯಿಂದ ಅವಳ ಗಂಡ "ಬಂದೇ ಅಮ್ಮಾ" ಎಂದು ಓಡಿಬರುತ್ತಿದ್ದ.

ನನ್ನ ಅಮ್ಮನ ದನಿ ಇದ್ದದ್ದು ಚಿಕ್ಕಿಯ ಎಡಗಡೆಯ ದವಡೆ ಹಲ್ಲಿನಲ್ಲಿ. ಚಿಕ್ಕಿ ಅಂದರೆ ಅಮ್ಮನ ತಂಗಿ ಅಂಬುಜಾಕ್ಷಿ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ಜ್ವರದಲ್ಲಿ ತೀರಿಕೊಂಡಳಂತೆ. ಅಪ್ಪ ಇನ್ನೊಂದು ಮದುವೆಯಾಗಿ ಇನ್ನೊಂದು ಊರು ಸೇರಿಕೊಂಡ. ನಾನು ಚಿಕ್ಕಿಯ ಸೊಂಟದ ಮೇಲೆ ಉಳಿದೆ. ಅಮ್ಮನ ಮುಖ ನನಗೆ ನೆನಪಿಲ್ಲ, ಫೋಟೋ ತೆಗೆಸಿದವರೂ ಇಲ್ಲ. ಅಮ್ಮನದು ಅಂತ ನನಗೆ ಗೊತ್ತಿದ್ದದ್ದು ಆ ಒಂದು ಮಾತು ಮಾತ್ರ.

ಸ್ಕೂಲಿನಿಂದ ಬಂದು ಚೀಲ ಬಿಸಾಕಿದ ಕೂಡಲೇ ನಾನು ಅಡುಗೆ ಮನೆಗೆ ಓಡುತ್ತಿದ್ದೆ. ಚಿಕ್ಕಿ ಸಕ್ಕರೆ ಅಚ್ಚು ಮಾಡಿ ಮಾರುತ್ತಿದ್ದಳು. ಬೇರೆ ಊರುಗಳಲ್ಲಿ ಸಂಕ್ರಾಂತಿಗೆ ಮಾತ್ರ ಬೇಕಾಗುವ ಆ ಗಿಳಿ, ಆನೆ, ಕಳಸಗಳಿಗೆ ನಮ್ಮೂರಿನಲ್ಲಿ ವರ್ಷವಿಡೀ ಗಿರಾಕಿ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುದಿಯುವ ಪಾಕವನ್ನು ಒಲೆಯಿಂದ ಇಳಿಸಿ, ಕೈ ಒರೆಸಿಕೊಂಡು, ಮಡಕೆಯಿಂದ ಒಂದು ಲೋಟ ನೀರು ತೆಗೆದುಕೊಂಡು ಚಿಕ್ಕಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಎಡಕ್ಕೆ ತಲೆ ವಾಲಿಸುತ್ತಿದ್ದಳು. ನೀರು ನುಂಗಿ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ತುಟಿಗೆ ಕಿವಿ ಹಚ್ಚಿರುತ್ತಿದ್ದೆ. ಲವಂಗದ ವಾಸನೆಯ ನಡುವಿನಿಂದ ಅಮ್ಮ ಹೇಳುತ್ತಿದ್ದಳು: "ಅಂಬೀ, ಮಗೂನ ಒಂಚೂರು ಹಿಡ್ಕೊಳೇ, ಈಗ ಬಂದೆ."

ಅಷ್ಟೇ. ಒಲೆಯ ಮೇಲೆ ಹಾಲು ಇಟ್ಟು ಬಂದವಳ ಅವಸರದ ದನಿ. "ದಿನಕ್ಕೆ ಎಷ್ಟು ಸಲ ಹೇಳ್ತಿದ್ಳೋ ಲೆಕ್ಕ ಇಲ್ಲ" ಎಂದು ಚಿಕ್ಕಿ ನಗುತ್ತಿದ್ದಳು. ನಗುವಾಗ ಅವಳ ಕಣ್ಣಲ್ಲಿ ನೀರಿರುತ್ತಿತ್ತು. ಅಕ್ಕನ ನೆನಪಾಗಿ ಅಳುತ್ತಾಳೆ ಅಂದುಕೊಳ್ಳುತ್ತಿದ್ದೆ. ಅದು ಹಲ್ಲುನೋವೆಂದು ಆ ವಯಸ್ಸಿನಲ್ಲಿ ಹೇಗೆ ತಿಳಿಯಬೇಕು? ನನಗೆ ಗೊತ್ತಿದ್ದದ್ದು, ಆ ಮಾತಿನಲ್ಲಿರುವ ಮಗು ನಾನು ಅನ್ನುವುದು. ಇನ್ನೊಂದು ಸಲ ಅನ್ನುತ್ತಿದ್ದೆ. ಅವಳು ಇಲ್ಲವೆನ್ನದೆ ಇನ್ನೊಂದು ಗುಟುಕು ಕುಡಿಯುತ್ತಿದ್ದಳು.

ಚಿಕ್ಕಿ ಆ ಮಾತನ್ನು ಅಕ್ಷರಶಃ ನಂಬಿದ್ದಳು. ಅಕ್ಕ ಮಗುವನ್ನು ಒಂಚೂರು ಹಿಡಿದುಕೋ ಅಂದಿದ್ದಾಳೆ, ತಾನು ಹಿಡಿದುಕೊಂಡಿದ್ದೇನೆ, ಅಷ್ಟೇ. ನನ್ನನ್ನು ಸ್ಕೂಲಿಗೆ ಸೇರಿಸುವಾಗಲೂ, ಕಿವಿ ಚುಚ್ಚಿಸುವಾಗಲೂ "ಅಕ್ಕನ್ನ ಒಂದ್ಮಾತು ಕೇಳ್ತೀನಿ ಇರು" ಎಂದು ತಣ್ಣೀರು ಕುಡಿದಿದ್ದಳು. ಹಲ್ಲು ಎಂದಿನಂತೆ ಅದೇ ಮಾತು ಹೇಳಿತು, ಚಿಕ್ಕಿ ಅದನ್ನು ಒಪ್ಪಿಗೆ ಅಂದುಕೊಂಡಳು. ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ತಿಂದು ಮುಗಿಸಿದ ಹುಡುಗನ ತಾಯಿ, "ಮಗು ಹೇಗೂ ನಿಂದಲ್ವಲ್ಲಮ್ಮ, ಯಾರಿಗಾದ್ರೂ ಒಪ್ಪಿಸಿಬಿಡಬಹುದಲ್ಲ?" ಅಂದಳು. "ಹೌದು, ನಂದಲ್ಲ. ಅದಕ್ಕೇ ಯಾರಿಗೂ ಒಪ್ಪಿಸೋ ಹಾಗಿಲ್ಲ" ಅಂದಳು ಚಿಕ್ಕಿ. ಅವರು ಕಾಫಿಗೂ ಕಾಯದೆ ಎದ್ದರು. ಚಿಕ್ಕಿ ಅವರು ಬಿಟ್ಟ ಬಾಳೆಹಣ್ಣನ್ನು ಸುಲಿದು ನನಗೆ ಕೊಟ್ಟಳು.

ಹೀಗಿರುವಾಗ ನಮ್ಮೂರಿಗೆ ಹಲ್ಲಿನ ಡಾಕ್ಟರು ಬಂದರು. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಬೋರ್ಡು ಹಾಕಿದ ಅವರ ಹೆಸರು ಶಕೀಲಾ. ಊರಿನ ಹೆಂಗಸರಿಗಿಂತ ಎತ್ತರದ ಆಳು, ಮೆತ್ತಗಿನ ಕೈ, ಮುಲಾಜಿಲ್ಲದ ಬಾಯಿ. ಮೊದಲ ದಿನವೇ ಸಾಕಮ್ಮ ಹೋಗಿ ಕುರ್ಚಿಯಲ್ಲಿ ಕೂತಳು. ಬಾಯಿಗೆ ನೀರು ಬಿಟ್ಟ ಕೂಡಲೇ "ಉಪ್ಪು ಜಾಸ್ತಿ ಆಯ್ತು" ಎಂಬ ದನಿ ಕೇಳಿ ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ನೆಲಕ್ಕೆ ಬಿತ್ತಂತೆ. ಹಲ್ಲು ತುಂಬಿಸಿಕೊಂಡು ಕೆಳಗಿಳಿದ ಸಾಕಮ್ಮ ಬೀದಿಯಲ್ಲೇ ನಿಂತು ಐಸ್ ಕ್ಯಾಂಡಿ ತಿಂದಳು. ಅವಳ ಗಂಡ ಒಂದು ವಾರ ಮಾತು ಬಿಟ್ಟಿದ್ದ, ಆಮೇಲೆ ಅವನಿಗೂ ಊಟ ರುಚಿಸತೊಡಗಿತು. ಆದರೆ ಹಾಗೆ ಹೋದವರು ದನಿ ಬೇಡವಾದವರು ಮಾತ್ರ. ಬೇಕಾದವರು ಆ ಮೆಟ್ಟಿಲ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ. ಹಲ್ಲು ತುಂಬಿದರೆ ಒಳಗಿನವರ ಬಾಯಿಗೆ ಮಣ್ಣು ಹಾಕಿದಂತೆ ಎಂದು ನಮ್ಮ ಪಕ್ಕದ ಮನೆಯ ರಾಚಮ್ಮಜ್ಜಿ ಹೇಳುತ್ತಿದ್ದಳು.

ಡಾಕ್ಟರು ಒಂದು ದಿನ ಸಕ್ಕರೆ ಅಚ್ಚು ಕೊಳ್ಳಲು ತಾವೇ ನಮ್ಮ ಮನೆಗೆ ಬಂದರು. ಊರಿಗೆ ಹೋಗುವಾಗ ತಮ್ಮ ತಾಯಿಗೆ ಒಯ್ಯಬೇಕಂತೆ. ಚಿಕ್ಕಿ ಗಿಳಿಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ಅವಳ ಕೈ ಕೆನ್ನೆಗೆ ಹೋಯಿತು.

"ಎಡಗಡೆ ನೋವಾ?" ಅಂದರು ಡಾಕ್ಟರು.

"ನೋವೇನಿಲ್ಲ, ನಮ್ಮಕ್ಕ ಇದಾಳೆ" ಅಂದಳು ಚಿಕ್ಕಿ.

"ಇರಲಿ, ನಾನೇನು ಓಡಿಸೋಕೆ ಬಂದಿಲ್ಲ. ತಣ್ಣೀರು ಕುಡಿದಾಗ ಜುಮ್ಮೆಂದು ಆಗಲೇ ಬಿಟ್ಟುಬಿಡತ್ತಾ, ಇಲ್ಲಾ ಹಿಡ್ಕೊಂಡೇ ಇರತ್ತಾ?"

ಚಿಕ್ಕಿ ಕಾಗದದ ಅಂಚು ಮಡಚಿದಳು. "ಮೊದಲು ಬಿಡ್ತಿತ್ತು. ಈಗೀಗ ಬಿಡಲ್ಲ. ಮಲಗಿದ್ರೆ ಜಾಸ್ತಿ."

"ಹಾಗಾದ್ರೆ ತೂತು ಹಲ್ಲಿನ ನರದ ತನಕ ಇಳಿದಿದೆ. ಹುಳುಕು ಸುಮ್ನೆ ಕೂರೋದಲ್ಲಮ್ಮ. ತಿಂದಿದ್ದರ ಸಕ್ಕರೆ ಹಲ್ಲಿಗಂಟಿ ಹುಳಿಯಾಗಿ, ದಿನಾ ಅಷ್ಟಷ್ಟೇ ಕೊರೀತಾ ಇರತ್ತೆ. ಬರೀ ಜುಮ್ಮೆಂದಾಗಲೇ ಬಂದಿದ್ರೆ ತುಂಬಿ ಕಳಿಸ್ತಿದ್ದೆ. ಈಗಲೂ ನರ ತೆಗೆದು, ಬೇರಿಗೆ ಔಷಧಿ ಹಾಕಿ ಹಲ್ಲು ಉಳಿಸಬಹುದು. ನಾಳೆ ಬನ್ನಿ."

"ಹಲ್ಲು ಉಳಿಯತ್ತೆ. ದನಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ದನಿ ಉಳಿದದ್ದನ್ನ ನಾನು ನೋಡಿಲ್ಲ" ಅಂದರು. ಚಿಕ್ಕಿ ಒಂದು ಗಿಳಿಯನ್ನು ಹೆಚ್ಚಿಗೆ ಹಾಕಿ ಪೊಟ್ಟಣ ಕೊಟ್ಟಳು, ಮರುದಿನ ಹೋಗಲಿಲ್ಲ. ಅಂದು ಹೊರಡುವಾಗ ಡಾಕ್ಟರು ಬಾಗಿಲಲ್ಲಿ ನಿಂತು, "ಒಂದು ನೆನಪಿಟ್ಕೊಳ್ಳಿ. ನೋವು ಇದ್ದಕ್ಕಿದ್ದ ಹಾಗೆ ನಿಂತುಹೋದ್ರೆ ವಾಸಿ ಆಯ್ತು ಅಂದ್ಕೋಬೇಡಿ, ಆವತ್ತೇ ಬನ್ನಿ" ಎಂದು ಕೂಗಿ ಹೇಳಿದ್ದರು. ನೋವು ನಿಂತ ಮೇಲೆ ಡಾಕ್ಟರ ಬಳಿ ಹೋಗುವವರು ಯಾರು ಎಂದು ರಾಚಮ್ಮಜ್ಜಿ ಆಮೇಲೆ ನಕ್ಕಳು.

ಮಳೆಗಾಲ ಕಳೆಯುವ ಹೊತ್ತಿಗೆ ಚಿಕ್ಕಿ ಬಲಗಡೆ ಮಾತ್ರ ಅಗಿಯುತ್ತಿದ್ದಳು. ಲವಂಗದೆಣ್ಣೆಯ ಹತ್ತಿ ಸದಾ ಬಾಯಲ್ಲಿ. ಅಮ್ಮನ ಮಾತು ಮುಗಿದ ಮೇಲೂ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು, ನೆಲಕ್ಕೆ ಕೈಯೂರಿ ಕೂತಿರುತ್ತಿದ್ದಳು. ನಾನು ಇನ್ನೊಂದು ಸಲ ಅನ್ನುವುದನ್ನು ನಾನಾಗಿಯೇ ಬಿಟ್ಟೆ.

ಆ ದಿನಗಳಲ್ಲೇ ಒಂದು ಸಂಜೆ ಅಚ್ಚು ಕೇಳಿಕೊಂಡು ಹೊಸಬರೊಬ್ಬರು ಬಾಗಿಲಿಗೆ ಬಂದರು. "ಅಮ್ಮನ್ನ ಕರಿಯಮ್ಮ" ಅಂದರು. ನಾನು ಒಳಗೆ ತಿರುಗಿ "ಅಮ್ಮಾ, ಯಾರೋ ಬಂದಿದಾರೆ" ಎಂದು ಕೂಗಿದೆ. ಒಳಗಿನಿಂದ ಚಿಕ್ಕಿ "ಓ, ಬಂದೆ" ಅಂದಳು. ಇಬ್ಬರೂ ಏನೂ ಯೋಚಿಸಿರಲಿಲ್ಲ. ಗಿರಾಕಿಯನ್ನು ಕಳಿಸಿ ಒಳಗೆ ಬಂದವಳು ತಟ್ಟನೆ ನಿಂತಳು. "ನೀನು ಏನಂತ ಕರೆದೆ? ನಾನು ಏನಂದೆ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ಮಡಕೆಯ ಹತ್ತಿರ ಹೋಗಿ ನೀರು ಕುಡಿದಳು. ತಲೆ ವಾಲಿಸಿದಳು. ನಾನು ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ. ಇನ್ನೂ ಒಂದು ಲೋಟ ಕುಡಿದಳು. ನೋವೂ ಇಲ್ಲ, ಮಾತೂ ಇಲ್ಲ.

ನಮ್ಮೂರಿನಲ್ಲಿ ಇದಕ್ಕೆ ಮುನಿಸು ಅನ್ನುತ್ತಿದ್ದರು. ಹಲ್ಲಿನೊಳಗಿನವರು ಯಾವುದೋ ಕಾರಣಕ್ಕೆ ಬೇಸರಿಸಿಕೊಂಡು ಸುಮ್ಮನಾಗಿದ್ದಾರೆ, ರಮಿಸಿದರೆ ಮತ್ತೆ ಮಾತಾಡುತ್ತಾರೆ ಎಂದು ಎಲ್ಲರ ನಂಬಿಕೆ. ರಮಿಸುವುದೆಂದರೆ ಮಲಗುವ ಮುಂಚೆ ಆ ಹಲ್ಲಿನ ಸಂದಿಯಲ್ಲಿ ಸಿಹಿ ಇಟ್ಟುಕೊಂಡು, ಬಾಯಿ ತೊಳೆಯದೆ ನಿದ್ದೆ ಮಾಡುವುದು. ಹಾಗೆ ಮಾಡಿ ಯಾರ ಹಲ್ಲೂ ಮತ್ತೆ ಮಾತಾಡಿದ್ದನ್ನು ನಾನು ಕಂಡಿಲ್ಲ, ಆದರೆ ಎಲ್ಲರಿಗೂ ಮಾತಾಡಿದ ಹಲ್ಲೊಂದು ಗೊತ್ತಿತ್ತು, ಅದು ಯಾವಾಗಲೂ ಯಾರದೋ ದೂರದ ನೆಂಟರದ್ದಾಗಿರುತ್ತಿತ್ತು. ರಾಚಮ್ಮಜ್ಜಿ ಬಂದು ಕೆನ್ನೆ ಮುಟ್ಟಿ ನೋಡಿ, "ನಿಮ್ಮಕ್ಕಂಗೆ ಏನೋ ನೋವಾಗೈತೆ ಕಣವ್ವ. ನಿನ್ ಕೈಲೇ ಮಾಡಿದ ಸಕ್ಕರೆ ಇಡು, ಕರಗ್ತಾಳೆ" ಅಂದಳು.

ಏನು ನೋವಾಗಿದೆ ಅನ್ನುವುದರಲ್ಲಿ ಚಿಕ್ಕಿಗೆ ಅನುಮಾನವೇ ಇರಲಿಲ್ಲ. "ಅವಳನ್ನ ಕರೆದಿದ್ದಕ್ಕೆ ನಾನು ಓಗೊಟ್ಟುಬಿಟ್ಟೆನಲ್ಲೇ" ಎಂದು ನನ್ನೆದುರಿಗೇ ಹಣೆ ಚಚ್ಚಿಕೊಂಡಳು. "ಹಿಡ್ಕೋ ಅಂತ ಕೊಟ್ಟೋಳ ಮಗೂನ ನಂದು ಮಾಡ್ಕೊಂಡ ಹಾಗಾಯ್ತು. ಇನ್ಮೇಲೆ ನನ್ನ ಹಾಗೆ ಕರೀಬೇಡ ಪುಟ್ಟೀ. ಚಿಕ್ಕಿ ಅನ್ನು. ಜೋರಾಗಿ ಅನ್ನು, ಅವಳಿಗೂ ಕೇಳಲಿ." ನಾನು ಜೋರಾಗಿ ಚಿಕ್ಕೀ ಅಂದೆ. ಅವಳು ಕನ್ನಡಿಯ ಮುಂದೆ ಬಾಯಿ ತೆರೆದು ನಿಂತು, ಆ ಕಪ್ಪು ತೂತಿಗೆ "ತಪ್ಪಾಯ್ತು ಅಕ್ಕ, ಬಾ" ಎಂದು ಬೇಡಿಕೊಳ್ಳುತ್ತಿದ್ದಳು. ದಿನಾ ಒಂದು ಅಚ್ಚು ಮುರಿದು ಅದರ ಚೂರು ಇಡುತ್ತಿದ್ದಳು. ಆನೆ ಇಟ್ಟಳು, ಕಳಸ ಇಟ್ಟಳು, ಅಮ್ಮನಿಗೆ ಇಷ್ಟವಿತ್ತೆಂದು ಗುಲಾಬಿ ಬಣ್ಣದ ಗಿಳಿ ಇಟ್ಟಳು. ನೋವಿಲ್ಲವಲ್ಲ, ಎಡಗಡೆಯೂ ಅಗಿಯುತ್ತಿದ್ದಳು. ನೋಡಿದವರಿಗೆ ಚಿಕ್ಕಿ ಮೊದಲಿಗಿಂತ ಚೆನ್ನಾಗಿದ್ದಾಳೆ ಅನ್ನಿಸುತ್ತಿತ್ತು. ನನಗೂ ಹಾಗೇ ಅನ್ನಿಸಿತ್ತು.

ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಚಿಕ್ಕಿಯ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿದೆ. ಮೈ ಸುಡುತ್ತಿತ್ತು. ದವಡೆಯ ಕೆಳಗೆ ಕೆಂಪಗೆ ಬಿಗಿದುಕೊಂಡಿತ್ತು. ಒಲೆ ಹಚ್ಚಿರಲಿಲ್ಲ. ಅವಳು ಒಲೆ ಹಚ್ಚದ ಬೆಳಗನ್ನು ನಾನು ಅದುವರೆಗೆ ಕಂಡಿರಲಿಲ್ಲ. ರಾಚಮ್ಮಜ್ಜಿ ಬಂದು, "ಬರೋ ಸೂಚನೆ ಇದು, ಇನ್ನೊಂದೆರಡು ದಿನ ತಡಕೋ" ಅಂದಳು. ಚಿಕ್ಕಿ ಕಷ್ಟಪಟ್ಟು ತಲೆಯಾಡಿಸಿದಳು. ಅವಳಿಗೆ ಉಗುಳು ನುಂಗಲೂ ಆಗುತ್ತಿರಲಿಲ್ಲ. ನಾನು ಅಜ್ಜಿಯ ಮಾತು ಮುಗಿಯುವ ಮೊದಲೇ ಬೀದಿಗೆ ಬಿದ್ದೆ, ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿ ಡಾಕ್ಟರ ಸೆರಗು ಹಿಡಿದುಕೊಂಡೆ. ಅವರು ಕೇಳಿದ್ದು ಮೂರೇ ಮಾತು: ಜ್ವರ ಇದೆಯಾ, ನುಂಗಕ್ಕೆ ಆಗ್ತಿದೆಯಾ, ಉಸಿರಾಡಕ್ಕೆ ಕಷ್ಟವಾ. ನಾನು ಹೇಳಿದ್ದನ್ನು ಕೇಳಿ ಬೇರೆಯವರ ಬಾಯಿಂದ ಕೈ ತೆಗೆದು ಎದ್ದೇಬಿಟ್ಟರು. ಸಾಕಮ್ಮನ ಗಂಡ ತನ್ನ ಗಾಡಿ ಕಟ್ಟಿಕೊಂಡು ಬಂದ, ಅದರಲ್ಲೇ ಚಿಕ್ಕಿಯನ್ನು ಕರೆತಂದೆವು.

ಕುರ್ಚಿಯಲ್ಲಿ ಕೂತ ಚಿಕ್ಕಿ ಬಾಯಿ ತೆರೆಯಲಿಲ್ಲ. ಅರ್ಧ ಊತದಿಂದ, ಅರ್ಧ ಹಟದಿಂದ.

"ಇದು ಮುನಿಸಲ್ಲಮ್ಮ" ಅಂದರು ಡಾಕ್ಟರು. "ಹಲ್ಲಿನ ನರ ಸತ್ತಿದೆ. ಅದಕ್ಕೇ ನೋವು ನಿಂತಿದ್ದು, ಅದಕ್ಕೇ ದನಿ ನಿಂತಿದ್ದು. ನೀವು ಕಾದಷ್ಟು ದಿನವೂ ಬೇರಿನ ಕೆಳಗೆ ಕೀವು ತುಂಬ್ತಾ ಇತ್ತು. ಈಗ ಕುತ್ತಿಗೆ ಕಡೆ ಇಳೀತಿದೆ. ಇನ್ನೂ ಇಳಿದ್ರೆ ಉಸಿರಿಗೇ ಬರತ್ತೆ, ಆಗ ನನ್ನ ಕೈಲಿ ಏನೂ ಇಲ್ಲ. ಈ ಹಲ್ಲು ಕೀಳಲೇಬೇಕು."

ಚಿಕ್ಕಿ ಹಲ್ಲಿನ ಸಂದಿಯಿಂದಲೇ ಮಾತಾಡಿದಳು. "ಕಿತ್ತ ಮೇಲೆ ಅವಳು ಬಂದ್ರೆ? ಎಲ್ಲಿಗೆ ಬರ್ತಾಳೆ? ಮಗು ಎಲ್ಲಿ ಅಂತ ಯಾರನ್ನ ಕೇಳ್ತಾಳೆ?"

ಡಾಕ್ಟರು ಕೈಗವಸು ಹಾಕಿದ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತರು. ಚಿಕ್ಕಿ ನನ್ನ ಕಡೆ ತಿರುಗಿದಳು. ಒಂದೇ ಕಣ್ಣು ತೆರೆದಿತ್ತು, ಅದರಲ್ಲಿ ಭಯವಿತ್ತು. ಚಿಕ್ಕಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದು ನಿಮ್ಮಮ್ಮನ ದನಿ. ನಂಗೆ ಅಧಿಕಾರ ಇಲ್ಲ. ನೀನು ಹೇಳು" ಅಂದಳು.

ನಾನು ಇನ್ನೂ ಲಂಗ ಹಾಕುವ ಹುಡುಗಿ. ಇಷ್ಟು ದೊಡ್ಡದನ್ನು ನನ್ನ ಮೇಲೆ ಹೊರಿಸಿದಳಲ್ಲ ಎಂದು ಈಗ ಅನ್ನಿಸುವುದುಂಟು. ಆದರೆ ಆ ಕ್ಷಣ ನನಗೆ ಭಾರವೇನೂ ಅನ್ನಿಸಲಿಲ್ಲ, ಸಿಟ್ಟು ಬಂತು. ಅಮ್ಮನ ಆ ಮಾತು ಬೇಕು ಅಂತ ನಾನು ದಿನಾ ಓಡಿಬರುತ್ತಿದ್ದದ್ದು ನಿಜ. ಅದಿಲ್ಲದ ಈ ದಿನಗಳಲ್ಲಿ ಸ್ಕೂಲಿನಿಂದ ಓಡಿಬರುವುದನ್ನು ನಾನೇನೂ ನಿಲ್ಲಿಸಿರಲಿಲ್ಲ. ಬಾಗಿಲಿಂದಲೇ ಪಾಕದ ವಾಸನೆ ಬರುತ್ತಿತ್ತು, ಒಳಗೆ ಚಿಕ್ಕಿ ಇರುತ್ತಿದ್ದಳು. ಅವತ್ತು ಬೆಳಿಗ್ಗೆ ಆರಿದ ಒಲೆ ನೋಡಿ ಬೀದಿಗೆ ಓಡಿದ್ದು ಯಾರಿಗಾಗಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮ ನಿಂಗೆ ಹೇಳಿದ್ದೇನು? ಮಗೂನ ಹಿಡ್ಕೋ ಅಂತ ತಾನೆ?" ಎಂದು ಕಿರುಚಿದೆ. "ನೀನೂ ಹೋಗ್ಬಿಟ್ರೆ ನನ್ನ ಯಾರು ಹಿಡ್ಕೋತಾರೆ? ಬಾಯಿ ತೆಗಿ!"

ಡಾಕ್ಟರು ನನ್ನನ್ನು ನೋಡಿದರು, ಚಿಕ್ಕಿಯನ್ನು ನೋಡಿದರು. ಚಿಕ್ಕಿಯ ಕಣ್ಣಿನಿಂದ ನೀರು ಇಳಿದು ಊದಿದ ಕೆನ್ನೆಯ ಮೇಲೆ ದಾರಿ ಸಿಕ್ಕದೆ ನಿಂತಿತು. ಆಮೇಲೆ ಅವಳು ಎಷ್ಟು ಸಾಧ್ಯವೋ ಅಷ್ಟು ಬಾಯಿ ತೆರೆದಳು.

ನಾನು ಹೊರಗೆ ಹೋಗಲಿಲ್ಲ, ಅವಳ ಕಾಲಿನ ಹೆಬ್ಬೆರಳು ಹಿಡಿದುಕೊಂಡು ನಿಂತೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಕಾದು, ಮೊದಲು ಒಸಡು ಸೀಳಿ ಕೀವು ಹೊರಗೆ ಬಿಟ್ಟರು. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಹಲ್ಲು ಬಹಳ ಸತಾಯಿಸದೆ ಬಂತು. ಡಾಕ್ಟರು ಅದನ್ನು ತಟ್ಟೆಯಲ್ಲಿಟ್ಟಾಗ ನಾನು ಬಗ್ಗಿ ನೋಡಿದೆ. ಒಳಗೆಲ್ಲ ಟೊಳ್ಳಾದ ಕಂದು ಬಣ್ಣದ ಚೂರು, ಅಷ್ಟೇ. ಅಷ್ಟು ಸಣ್ಣ ಜಾಗದಲ್ಲಿ ಅಮ್ಮ ಇಷ್ಟು ವರ್ಷ ಹೇಗಿದ್ದಳೋ ಅನ್ನಿಸಿ ಅಳು ಬಂತು. ಅತ್ತುಬಿಟ್ಟೆ. ಡಾಕ್ಟರು ಅಳಬೇಡ ಅನ್ನಲಿಲ್ಲ.

ಹತ್ತಿಯ ಉಂಡೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಕಚ್ಚಿಕೊಳ್ಳಲು ಹೇಳಿದರು. "ಒಂದು ಗಂಟೆ ಬಾಯಿ ತೆರೆಯೋ ಹಾಗಿಲ್ಲ. ಮಾತು ಬೇಡ, ಉಗುಳೋದು ಬೇಡ. ಮಾತ್ರೆ ಬರೆದು ಕೊಡ್ತೀನಿ, ವಾಸಿ ಆದ ಹಾಗೆ ಅನ್ಸಿದ್ರೂ ಪೂರ್ತಿ ಮುಗಿಸಬೇಕು. ನಾಳೆ ಬೆಳಿಗ್ಗೆ ಮತ್ತೆ ನನಗೆ ತೋರಿಸಬೇಕು. ಊತ ಜಾಸ್ತಿ ಆದ್ರೆ ನಾಳೆ ತನಕ ಕಾಯಬಾರದು" ಎಂದು ಚಿಕ್ಕಿಗೆ ಹೇಳದೆ ನನಗೆ ಹೇಳಿದರು. ನಾನು ಎಲ್ಲವನ್ನೂ ಹೂಂಗುಟ್ಟಿ ಒಪ್ಪಿಕೊಂಡೆ.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಕೆಳಗೆ ಸಾಕಮ್ಮನ ಗಂಡ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಚಿಕ್ಕಿ ಮರಗಟ್ಟಿದ ಕೆನ್ನೆಗೆ ಸೆರಗು ಒತ್ತಿಕೊಂಡು ಎದುರಿನ ಗೋಡೆ ನೋಡುತ್ತಿದ್ದಳು. ಅವಳ ಮುಖ, ಯಾರೋ ಕೊಟ್ಟ ಸಾಮಾನನ್ನು ಕಳೆದುಕೊಂಡವರ ಹಾಗಿತ್ತು. ಏನಾದರೂ ಹೇಳಿ ಸಮಾಧಾನ ಮಾಡಬೇಕೆನ್ನಿಸಿತು, ನನಗೆ ಬರುತ್ತಿದ್ದದ್ದು ಒಂದೇ ಮಾತು.

"ಅಮ್ಮಾ" ಅಂದೆ.

ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದಳು, ಚಿಕ್ಕಿ ಅನ್ನು ಅನ್ನುತ್ತಿದ್ದಳು. ಬಾಯಿ ತೆರೆಯುವ ಹಾಗಿರಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನೂ ಕಣ್ಣು ತೆಗೆಯಲಿಲ್ಲ.

"ಮನೆಗೆ ಹೋಗೋಣ್ವಾ ಅಮ್ಮಾ?" ಎಂದು ಮತ್ತೆ ಕೇಳಿದೆ.

ಅವಳು ಸೆರಗನ್ನು ಕೆನ್ನೆಯಿಂದ ತೆಗೆದು ನನ್ನ ಕೈ ಹಿಡಿದುಕೊಂಡಳು. ಹತ್ತಿಯನ್ನು ಕಚ್ಚಿಕೊಂಡೇ, ತುಟಿ ಬಿಚ್ಚದೆ, "ಹೂಂ" ಅಂದಳು.